ಹದಿನೆಂಟು ಸೆಕೆಂಡು

ವೈನಿ, ಅವತ್ತು ಮುಂಡಗೋಡದ ದವಾಖಾನೆಯಲ್ಲಿ ಡಾಕ್ಟರು ಕೇಳಿದ್ದಕ್ಕೆ ನಿಮ್ಮ ನಾದಿನಿ ನಾನು ಕೊಟ್ಟ ಉತ್ತರ ಸುಳ್ಳು. ತಿಳಿಯದೆ ಹೇಳಿದ್ದಲ್ಲ, ತಿಳಿದೇ ಹೇಳಿದ್ದು. ನಿದ್ದೆಯಲ್ಲಿ ನಿಮ್ಮ ಉಸಿರು ನಿಲ್ಲುವುದನ್ನು ನಾನು ಕಣ್ಣಾರೆ ಕಂಡಿದ್ದೆ — ಕಂಡದ್ದಷ್ಟೇ ಅಲ್ಲ, ಅಳೆದಿದ್ದೆ.

ಎರಡು ವರ್ಷವಾಯಿತು. ನೀವು ಮರೆತಿರಬಹುದು, ಅಥವಾ — ಇಲ್ಲ, ಗೊತ್ತೇ ಇಲ್ಲದ್ದನ್ನು ಮರೆಯುವುದಾದರೂ ಹೇಗೆ.

ನಿಮ್ಮ ಚೊಚ್ಚಲ ಬಸುರಿನ ಸೀಮಂತ, ಕುಬಸಕ್ಕೆ, ಇನ್ನೂ ಆರು ದಿನ ಇತ್ತು. ಮಧ್ಯಾಹ್ನ ಉಂಡು ನೀವು ಪಡಸಾಲೆಯ ಮಂಚದ ಮೇಲೆ ಅಂಗಾತ ಮಲಗಿದ್ದಿರಿ. ನಾನು ಕಿಟಕಿಯ ಹತ್ತಿರ ನಿಂತು ಹಳಿಯಾಳದ ಚರ್ಚಾಸ್ಪರ್ಧೆಗೆ ತಯಾರಿ ನಡೆಸಿದ್ದೆ. ನಾಲ್ಕು ನಿಮಿಷದ ಭಾಷಣ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಓಡುತ್ತಿತ್ತು. ವಿಷಯ — ನಗಬೇಡಿ — ಮೂಢನಂಬಿಕೆಯೇ ಹಳ್ಳಿಯ ಆರೋಗ್ಯದ ಶತ್ರು. ನಾನು ಪರವಾಗಿ ಮಾತಾಡುವವಳು. ನಿಮ್ಮ ಗೊರಕೆಗೆ ನನ್ನ ವಾಕ್ಯಗಳು ತಪ್ಪುತ್ತಿದ್ದವು. ಒಮ್ಮೆಲೇ ಗೊರಕೆ ನಿಂತಿತು. ಹಾಯೆನಿಸಿ ಎರಡು ವಾಕ್ಯ ಹೇಳಿದೆ. ಮೂರನೆಯದರ ಹೊತ್ತಿಗೆ ನಿಮ್ಮ ಕಡೆ ನೋಡಿದೆ. ಬಾಯಿ ತೆರೆದಿತ್ತು, ಎದೆ ಎಳೆದಾಡುತ್ತಿತ್ತು, ಉಸಿರು ಮಾತ್ರ ಇಲ್ಲ. ಆಮೇಲೆ ಬಾವಿಯಲ್ಲಿ ಮುಳುಗಿ ಮೇಲೆ ಬಂದವರಂತೆ ಒಂದು ಏದುಸಿರು, ಮತ್ತೆ ಗೊರಕೆ. ಮುಂದಿನ ಸಲಕ್ಕೆ ಸ್ಟಾಪ್‌ವಾಚ್ ಸೊನ್ನೆಗೆ ತಂದು ಕಾದೆ. ಹದಿನೆಂಟು ಸೆಕೆಂಡು.

ಎಬ್ಬಿಸಲಿಲ್ಲ. ಯಾರಿಗೂ ಹೇಳಲಿಲ್ಲ. ಮೈ ಭಾರ ಇದ್ದವರಿಗೆ ಗೊರಕೆ ಸಹಜ, ಬಸುರಿಗೆ ನಿದ್ದೆ ಹೆಚ್ಚು — ಎಲ್ಲರೂ ಹೇಳುವುದನ್ನೇ ನಾನೂ ಹೇಳಿಕೊಂಡೆ. ಎಲ್ಲರೂ ಹೇಳುವುದನ್ನು ನಂಬಬೇಡಿ ಎಂದು ಅದೇ ವಾರ ಹಳಿಯಾಳದಲ್ಲಿ ಕಪ್ ಗೆದ್ದವಳು.

ಕುಬಸದ ದಿನ ಪಾಳಾದ ನಮ್ಮ ಮನೆ ತುಂಬ ಹೆಣ್ಣುಮಕ್ಕಳು. ಹಸಿರು ಸೀರೆ, ಕೈತುಂಬ ಹಸಿರು ಬಳೆ. ಉಡಿ ತುಂಬಿ ಆರತಿ ಮುಗಿಯುವಷ್ಟರಲ್ಲಿ ನೀವು ಕೂತಲ್ಲೇ ಗೋಡೆಗೊರಗಿ ನಿದ್ದೆ ಹೋದಿರಿ. ನಮ್ಮಪ್ಪನ ತಾಯಿ, ಆಯಿ, ಮಗ್ಗುಲಲ್ಲಿ ಕೂತು ನಿಮ್ಮ ಮೂಗಿನ ಕೆಳಗೆ ಬೆರಳು ಹಿಡಿದಿದ್ದಳು.

“ಏ, ಈಕಿ ಉಸರು ನಿಲ್ಲತೈತಿ ನೋಡ್ರಿ. ನಿಂತು ಮತ್ತ ಬರತೈತಿ. ಎದಿ ಮ್ಯಾಲ ಗಾಳಿ ಕುಂತೈತಿ. ನಾಳಿಗೆ ಒಂದು ದಾರಾ ಕಟ್ಟಸೂಣು.”

ನಾನು ಎದ್ದು ನಿಂತೆ. “ಆಯಿ, ಉಸರು ನಿಂತ್ರ ಮನಷಾ ಸಾಯತಾನು. ವೈನಿ ಸತ್ತಾರೇನು? ಸತ್ತಿಲ್ಲಂದ್ರ ಉಸರು ನಿಂತಿಲ್ಲ. ಎರಡ್ರಾಗ ಒಂದು ಹೇಳು.”

“ನಿನ್ನ ಬಾಯಾಗ ಮಣ್ಣ ಹಾಕ! ಕುಬಸದ ದಿನ ಎಂಥಾ ಮಾತ ಆಡ್ತಿ!”

“ಬಿಡ ಆಯಿ,” ಎಂದಳು ಪಕ್ಕದ ಮನೆಯ ಕಾಕು, “ಕಪ್ ಗೆದ್ದಾಕಿ ಕೂಡ ವಾದಾ ಹಾಕಿ ಉದ್ಧಾರ ಆದೀಯೇನ?”

ಎಲ್ಲರೂ ನಕ್ಕರು. ನೀವು ಬೆಚ್ಚಿ ಎದ್ದು, “ಯಾಕ ನಗಾಕತ್ತೀರಿ?” ಎಂದಿರಿ. ನಿಮ್ಮ ಗೊರಕೆಗೆ ಆಯಿ ದಾರ ಕಟ್ಟುತ್ತಾಳಂತೆ ಎಂದೆ. ನಾಚಿ, ಬಾಯಿಗೆ ಸೆರಗು ಹಿಡಿದು, ನೀವೂ ನಕ್ಕಿರಿ.

ಆಯಿಯ ಗಾಳಿ ಸುಳ್ಳು. ಅವಳು ಬೆರಳಿಟ್ಟು ನೋಡಿದ್ದು ಖರೆ. ಅದು ಆ ಕ್ಷಣವೇ ನನಗೆ ಗೊತ್ತಿತ್ತು. ಆದರೆ ಎದುರು ಪಕ್ಷದ ಕೈಗೆ ಸಾಕ್ಷಿ ಕೊಡಬಾರದು — ಚರ್ಚೆಯಲ್ಲಿ ನಾನು ಮೊದಲು ಕಲಿತದ್ದೇ ಇದು.

ತವರಿಗೆ ಹೊರಡುವ ಮುಂಚಿನ ಕೊನೆಯ ತಪಾಸಣೆಗೆ ಮುಂಡಗೋಡಕ್ಕೆ ಹೋದೆವು. ಮಾತು ಬಲ್ಲವಳೆಂದು ನನ್ನನ್ನೇ ಜೊತೆಗೆ ಕಳಿಸಿದ್ದರು. ಡಾಕ್ಟರು ತೂಕ ನೋಡಿದರು, ಬಿ.ಪಿ. ನೋಡಿದರು, ತುಸು ಏರಿದೆ ಎಂದರು. ಹಗಲು ತೂಕಡಿಕೆ ಬರುತ್ತದೆಯೇ, ಎದ್ದ ಕೂಡಲೇ ತಲೆ ನೋಯುತ್ತದೆಯೇ — ನೀವು ಎರಡಕ್ಕೂ ಹೂಂ ಎಂದಿರಿ.

“ನಿದ್ದ್ಯಾಗ ಉಸಿರು ನಿಂತಂಗ ಆಗಿದ್ದು ಮನ್ಯಾಗ ಯಾರರ ನೋಡ್ಯಾರೇನ್ರಿ?”

ನೀವು ನನ್ನ ಮುಖ ನೋಡಿದಿರಿ. ನಿದ್ದೆ ಹೋದವರಿಗೆ ತಮ್ಮ ಉಸಿರು ನಿಂತದ್ದು ತಿಳಿಯುವುದಿಲ್ಲ; ಸಾಕ್ಷಿ ಹೇಳಬೇಕಾದವರು ಪಕ್ಕದಲ್ಲಿದ್ದವರು. ಹೂಂ ಎಂದರೆ ಸಂಜೆಯೊಳಗೆ ಆ ಮಾತು ಆಯಿಯ ಕಿವಿ ಮುಟ್ಟುತ್ತಿತ್ತು. ದಾರ ಗೆಲ್ಲುತ್ತಿತ್ತು.

“ಇಲ್ರಿ ಮೇಡಂ,” ಎಂದೆ. “ಗೊರಕಿ ಅಷ್ಟ.”

ಮುಂದಿನದು ನಿಮಗೆ ಗೊತ್ತು. ಎಂಟನೆಯ ತಿಂಗಳಿಗೆ ಬಿ.ಪಿ. ವಿಪರೀತ ಏರಿ, ಹುಬ್ಬಳ್ಳಿಯಲ್ಲಿ ಅವಸರದ ಆಪರೇಷನ್. ಕೈಯಗಲದ ಕೂಸು ವಾರಗಟ್ಟಲೆ ಗಾಜಿನ ಪೆಟ್ಟಿಗೆಯಲ್ಲಿದ್ದು ಬದುಕಿತು. ಆಪರೇಷನ್ ಆದ ಮೇಲೆ ನೀವು ನಿದ್ದೆ ಹೋದಾಗಲೆಲ್ಲ ಆಕ್ಸಿಜನ್ ಇಳಿಯುವುದನ್ನು ನರ್ಸ್ ಒಬ್ಬರು ಗಮನಿಸಿದರು. ಆಗ ಸ್ಲೀಪ್ ಅಪ್ನಿಯಾ ಎಂಬ ಹೆಸರು ಬಂತು. ನಿದ್ದೆಯಲ್ಲಿ ಗಂಟಲು ಮುಚ್ಚಿ ಗಾಳಿ ಒಳಗೆ ಹೋಗುವುದಿಲ್ಲ. ಮೈ ಭಾರ ಇದ್ದರೆ ಸಂಭವ ಹೆಚ್ಚು, ಬಸುರಿನಲ್ಲಿ ಇನ್ನೂ ಹೆಚ್ಚು. ಮೂಗಿಗೆ ಕಟ್ಟುವ ಯಂತ್ರ ಕೊಟ್ಟರು. ಅದು ಊರಿಗೆ ಬಂದಾಗ ಆಯಿ, “ಗಾಳಿ ಬಿಡಸಾಕ ಗಾಳಿ ಊದೋ ಮಶೀನ ಬಂತೇನವಾ?” ಎಂದಳು. ನಾನು ಅವಳಿಗೆ ಗಂಟಲಿನ ಚಿತ್ರ ಬರೆದು ವಿವರಿಸಿದೆ — ಎಲ್ಲ ವಿವರಿಸಿದೆ, ಒಂದನ್ನು ಬಿಟ್ಟು.

ನನ್ನ ಒಂದು ‘ಇಲ್ಲ’ದಿಂದಲೇ ಇಷ್ಟೆಲ್ಲ ಆಯಿತೆಂದು ಯಾರೂ ಸಿದ್ಧ ಮಾಡಲಾರರು. ಅಪ್ನಿಯಾ ಇಲ್ಲದವರಿಗೂ ಬಿ.ಪಿ. ಏರುತ್ತದೆ, ಮೊದಲೇ ಹೇಳಿದ್ದರೂ ಹೀಗೇ ಆಗುತ್ತಿತ್ತೋ ಏನೋ. ಈ ವಾದವನ್ನು ನಾನು ಗೆಲ್ಲಬಲ್ಲೆ, ವೈನಿ. ಎರಡು ವರ್ಷ ಮನಸ್ಸಿನೊಳಗೆ ಗೆಲ್ಲುತ್ತಲೇ ಬಂದಿದ್ದೇನೆ. ಇನ್ನು ಆ ವಾದ ಮಾಡುವುದಿಲ್ಲ.

ಏಕೆಂದರೆ ಕೂಸು ಹುಟ್ಟಿದ ದಿನದಿಂದ ನೀವು ಎರಡನೆಯ ರೊಟ್ಟಿ ಮುಟ್ಟಿಲ್ಲ. “ನನ್ನ ಮೈಯಿಂದನ ಕೂಸಿಗೆ ಹಂಗಾತು” ಎಂದಿರಿ. ಎದುರಿಗೆ ಕೂತು ಉಣ್ಣುತ್ತಿದ್ದ ನಾನು ನನ್ನ ಎರಡನೆಯ ರೊಟ್ಟಿ ಮುರಿದೆ. ಈಗ ಮತ್ತೆ ಮೂರು ತಿಂಗಳು ನಿಮಗೆ. ಮೈ ಇಳಿಸಿದರೆ ಸಾಕೆಂದು ಉಪವಾಸ ಮಾಡುತ್ತಿದ್ದೀರಿ. ಯಂತ್ರ ಟ್ರಂಕಿನ ಮೇಲೆ ಬಟ್ಟೆ ಹೊದ್ದು ಕೂತಿದೆ. ನೀವು ಶಿಕ್ಷೆ ಕೊಡುತ್ತಿರುವುದು ತಪ್ಪು ಮಾಡದವರಿಗೆ.

ಯಂತ್ರ ಕೆಳಗಿಳಿಸಿ. ಊಟದ ವಿಷಯ ಡಾಕ್ಟರನ್ನು ಕೇಳಿ, ನನ್ನನ್ನಲ್ಲ. ಸೋಮವಾರ ಮುಂಡಗೋಡಕ್ಕೆ ನಾನು ಜೊತೆಗೆ ಬರಬೇಕೋ ಬೇಡವೋ, ಇದನ್ನು ಓದಿದ ಮೇಲೆ ನೀವೇ ಹೇಳಿ. ಬರಬೇಡ ಎಂದರೆ ವಾದ ಮಾಡುವುದಿಲ್ಲ. ಬಾ ಎಂದರೆ, ಅವರು ಕೇಳದಿದ್ದರೂ ಹೇಳುತ್ತೇನೆ: ಕುಬಸಕ್ಕೆ ಆರು ದಿನ ಮೊದಲು, ಮಧ್ಯಾಹ್ನ, ಹದಿನೆಂಟು ಸೆಕೆಂಡು. ಮೊದಲು ಕಂಡವಳು ನಾನು. ಮೊದಲು ಹೇಳಿದವಳು ಆಯಿ.