ಕಣದಲ್ಲಿ ತೂಕಡಿಕೆ

ನಮ್ಮ ಅಜ್ಜಿಗೆ ಅರಳುಮರಳು ಹಿಡಿದದ್ದು ಆ ವರ್ಷದ ಅರೇಬಿಕಾ ಕುಯ್ಲಿನ ಹೊತ್ತಿಗೆ ಎಂದು ಮನೆಯಲ್ಲಿ ಈಗಲೂ ಹೇಳುತ್ತಾರೆ. ಹೇಳುವ ಕ್ರಮವೂ ಬದಲಾಗುವುದಿಲ್ಲ. ಮೊದಲು ಕೆಮ್ಮು ಬಂತು, ಆಮೇಲೆ ತೂಕಡಿಕೆ, ಆಮೇಲೆ ಕೇಳಿದ್ದನ್ನೇ ಕೇಳುವುದು, ಕೊನೆಗೆ ಸರಿಯಾಗಿ ಒಣಗದ ಕಾಫಿಯನ್ನು ಒಣಗಿದೆ ಎಂದು ಹೇಳಿ ಮೂಟೆ ಕಟ್ಟಿಸಿಬಿಟ್ಟರು. ‘ವಯಸ್ಸಾಯ್ತಲ್ಲ’ ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಕೇಳಿದವರು ತಲೆಯಾಡಿಸುತ್ತಾರೆ.

ನಾನು ಆಡಿಸುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗೆ ತಯಾರಿ ಮಾಡಿಸುವಾಗ ನಮಗೆ ಒಂದು ಮಾತು ಕಲಿಸಿದ್ದರು: ಎಲ್ಲರೂ ಒಂದೇ ಕಥೆಯನ್ನು ಒಂದೇ ಕ್ರಮದಲ್ಲಿ ಹೇಳುತ್ತಿದ್ದರೆ, ಅದನ್ನು ಮೊದಲು ಹೇಳಿದವರು ಯಾರೆಂದು ಕೇಳು. ಈ ಕಥೆಯನ್ನು ಮೊದಲು ಹೇಳಿದವರು ನಮ್ಮ ಚಿಕ್ಕಪ್ಪ.

ನಮ್ಮದು ವಸ್ತಾರೆಯಿಂದ ಮೂಡಿಗೆರೆ ಕಡೆಗೆ ಹೋಗುವಾಗ ಒಳದಾರಿಯಲ್ಲಿ ಸಿಗುವ ಸಣ್ಣ ತೋಟ. ಎಸ್ಟೇಟ್ ಎಂದು ಕರೆದರೆ ಎಸ್ಟೇಟಿನವರು ನಗುತ್ತಾರೆ. ಹಣ್ಣು ಕುಯ್ದು, ಕಣದಲ್ಲಿ ಹರವಿ, ಸಿಪ್ಪೆ ಸಮೇತ ಒಣಗಿಸುವುದು ನಮ್ಮ ಪದ್ಧತಿ. ಒಣಗಿತೋ ಇಲ್ಲವೋ ಎಂದು ತೀರ್ಪು ಹೇಳುವ ಅಧಿಕಾರ ಅಜ್ಜಿಯದು. ಒಂದು ಹಿಡಿ ಕಾಫಿ ಬಾಚಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗಿನ ಬೀಜ ಗಲಗಲ ಎಂದರೆ ಒಂದನ್ನು ಬಿಡಿಸಿ ಬಾಯಿಗೆ ಹಾಕಿ ಕಚ್ಚುತ್ತಾರೆ. ‘ಇನ್ನೆರಡು ಬಿಸಿಲು ಬೇಕು’ ಎಂದರೆ ಬೇಕು. ‘ಕಟ್ಟಿ’ ಎಂದರೆ ಕಟ್ಟಬೇಕು. ಮೂಡಿಗೆರೆಯಲ್ಲಿ ನಮ್ಮ ಕಾಫಿ ಕೊಳ್ಳುವ ವ್ಯಾಪಾರಿ ಎಲ್ಲರ ಮೂಟೆಗೂ ತೇವ ನೋಡುವ ಮೀಟರ್ ಹಾಕುತ್ತಿದ್ದರು, ನಮ್ಮದಕ್ಕೆ ಮಾತ್ರ ಇಲ್ಲ. ‘ಅಮ್ಮ ಕಚ್ಚಿ ನೋಡಿದ್ದಾರಲ್ಲ, ಸಾಕು’ ಎನ್ನುತ್ತಿದ್ದರು. ಆ ಮಾತನ್ನು ಅಜ್ಜಿ ನೆಂಟರ ಮುಂದೆ ಹೇಗಾದರೂ ಮಾಡಿ ತರುತ್ತಿದ್ದರು. ಮದುವೆಯ ವಿಷಯ ಮಾತಾಡುತ್ತಿದ್ದರೂ ಅದು ಹೇಗೋ ಮೀಟರಿಗೆ ಬಂದು ನಿಲ್ಲುತ್ತಿತ್ತು.

ಆ ವರ್ಷ ವ್ಯಾಪಾರಿ ನಮ್ಮ ಮೂಟೆಯೊಳಗೆ ಕೈ ಹಾಕಿ, ಕೈಯನ್ನು ಮೂಸಿ, ಮೀಟರ್ ತರಿಸಿದರಂತೆ. ಕಾಫಿ ಬೂಷ್ಟು ಹಿಡಿದಿತ್ತು. ಮೂಟೆಗಳು ವಾಪಸ್ ಬಂದವು. ಅಂದಿನಿಂದ ಕಣದ ತೀರ್ಪು ಚಿಕ್ಕಪ್ಪನದಾಯಿತು. ಇಲ್ಲಿ ಇನ್ನೊಂದು ವಿಷಯ ಹೇಳಿಬಿಡಬೇಕು. ಒಣಗಿಸುವ ರಗಳೆಯೇ ಬೇಡ, ಹಣ್ಣನ್ನೇ ಮಾರಿಬಿಡೋಣ ಎಂದು ಚಿಕ್ಕಪ್ಪ ಎಷ್ಟೋ ವರ್ಷದಿಂದ ಹೇಳುತ್ತಿದ್ದರು. ಅಜ್ಜಿ ಕಣದಲ್ಲಿ ಇರುವವರೆಗೆ ಅದು ಆಗುವ ಮಾತಾಗಿರಲಿಲ್ಲ.

ಅಪ್ಪನಿಗೆ ಊರೂರಿಗೆ ವರ್ಗವಾಗುತ್ತಿದ್ದುದರಿಂದ ನಾನು ಬೆಳೆದದ್ದು ಅಜ್ಜಿಯ ಹತ್ತಿರ. ಓದಲು ಚಿಕ್ಕಮಗಳೂರಿನ ಹುಡುಗಿಯರ ಹಾಸ್ಟೆಲ್ ಸೇರಿದ ಮೇಲೆ ರಜೆಗೆ ಬರುತ್ತಿದ್ದೆ. ಮೂಟೆ ವಾಪಸ್ ಬಂದ ವಾರ ಹೋದಾಗ, ಅಜ್ಜಿ ಹಾಡುಹಗಲಲ್ಲಿ ಜಗಲಿಯ ಕಂಬಕ್ಕೆ ಒರಗಿ, ಗದ್ದ ಎದೆಗೆ ತಾಗಿಸಿಕೊಂಡು ಕುಳಿತಿದ್ದರು. ಪಕ್ಕದಲ್ಲಿ ಕಾಫಿಯ ಲೋಟ ಕೆನೆಗಟ್ಟಿತ್ತು.

“ಯಾವಾಗ ಬಂದೆ ಮಗ?” ಎಂದರು.

“ಈಗ ತಾನೇ ಅಜ್ಜಿ.”

ಒಳಗೆ ಬ್ಯಾಗ್ ಇಟ್ಟು ಹೊರಗೆ ಬಂದೆ. “ಯಾವಾಗ ಬಂದೆ ಮಗ?” ಎಂದರು.

ಚಿಕ್ಕಪ್ಪ ಅಂಗಳದಲ್ಲೇ ಇದ್ದರು. “ನೋಡಿದ್ಯಲ್ಲ? ಹಗಲೆಲ್ಲ ಹಿಂಗೇ. ಇವರ ಕೈಲಿ ಕಣ ಕೊಟ್ಕೊಂಡು ನಾವು ಬೀದಿಗೆ ಬೀಳೋದಾ?”

“ಮೂಟೆ ಕಟ್ಟಿ ಅಂತ ಅಜ್ಜಿನೇ ಹೇಳಿದ್ರಾ ಚಿಕ್ಕಪ್ಪ?”

“ಮತ್ತೆ ನಾನು ಹೇಳಿದ್ನಾ? ಬಂದ್ರಪ್ಪ ನಮ್ಮ ಲಾಯರಮ್ಮ! ಕೂತ್ಕೊಳ್ಳಿ, ಕಟಕಟೆ ತರಿಸ್ತೀನಿ.”

ಅಡುಗೆಮನೆಯಲ್ಲಿ ಚಿಕ್ಕಮ್ಮನನ್ನು ಕೇಳಿದೆ. “ಅಜ್ಜಿ ‘ಕಟ್ಟಿ’ ಅಂದಿದ್ದು ನೀವು ಕೇಳಿಸ್ಕೊಂಡ್ರಾ?”

“ನಾನೆಲ್ಲಿ ಮಾರಾಯ್ತಿ, ಒಳಗಿದ್ದೆ. ಅತ್ತೆ ಹೇಳಿದ್ರು ಅಂತ ಇವ್ರು ಹೇಳಿದ್ರು.”

ಉಳಿದದ್ದು ಅಜ್ಜಿ. “ಹೇಳಿದ್ನೇನೋ ಮಗ. ನೆನಪಿಲ್ಲ. ಬಾಯೆಲ್ಲ ಒಣಗಿ ಹೋಗಿತ್ತು. ಬೀಜ ಕಚ್ಚಿದ್ರೆ ಮಣ್ಣು ಕಚ್ಚಿದ ಹಾಗೆ. ಹಸಿಯೋ ಒಣಗಿದ್ದೋ ಒಂದೂ ತಿಳೀಲಿಲ್ಲ.”

ನನಗೆ ಎಳೆ ಸಿಕ್ಕಿದ್ದು ಇಲ್ಲಿ. ಮರೆವಿಗೆ ವಯಸ್ಸು ಕಾರಣವಿರಬಹುದು, ತೂಕಡಿಕೆಗೂ ಇರಬಹುದು. ಬಾಯಿಯನ್ನು ಇಷ್ಟು ಒಣಗಿಸಲು ವಯಸ್ಸು ಕುಯ್ಲು ಶುರುವಾಗುವವರೆಗೆ ಏಕೆ ಕಾಯಬೇಕು?

ಅಜ್ಜಿಯ ಮಂಚದ ಪಕ್ಕದ ಕಿಟಕಿಯ ಹಲಗೆಯ ಮೇಲೆ ಉತ್ತರದ ಒಂದು ತುಂಡು ಇತ್ತು. ಕಣದ ಧೂಳಿಗೆ ಪ್ರತಿ ವರ್ಷವೂ ಅವರಿಗೆ ಕೆಮ್ಮು, ಶೀತ, ಸೀನು ಬರುತ್ತದೆ. ಆ ಸಲ ಹೆಚ್ಚಾಗಿತ್ತಂತೆ. ಹಲಗೆಯ ಮೇಲೆ ಮೊದಲು ಕಂಡದ್ದು ಮೆಡಿಕಲ್ ಶಾಪಿನ ಕಾಗದದ ಕವರುಗಳು. ನಮ್ಮ ಕಡೆ ಅಂಗಡಿಗೆ ಹೋಗಿ ‘ನೆಗಡಿಗೆ ಒಂದು ಸೆಟ್ ಕೊಡಿ’ ಎಂದರೆ ಸಾಕು. ಅಂಗಡಿಯವರು ನಾಲ್ಕಾರು ಸ್ಟ್ರಿಪ್‌ಗಳಿಂದ ಒಂದೊಂದು ಮಾತ್ರೆ ಕತ್ತರಿಸಿ, ಕವರಿಗೆ ಹಾಕಿ, ಬೆಳಿಗ್ಗೆ ಒಂದು ರಾತ್ರಿ ಒಂದು ಎಂದು ಕೊಡುತ್ತಾರೆ. ಕತ್ತರಿಸಿದ ತುಂಡಿನಲ್ಲಿ ಹೆಸರಿನ ಬಾಲ ಇದ್ದರೆ ತಲೆ ಇರುವುದಿಲ್ಲ. ಈ ಸೆಟ್ ತರುತ್ತಿದ್ದವರು ಚಿಕ್ಕಪ್ಪ. ಕವರಿನ ಪಕ್ಕದಲ್ಲಿ ಕೆಮ್ಮಿನ ಸಿರಪ್. ಅದು ಚಿಕ್ಕಮ್ಮ ತವರಿನಿಂದ ತಂದದ್ದು, ಅವರ ಮನೆಯಲ್ಲಿ ಎಲ್ಲರಿಗೂ ಅದೇ ಆಗಿಬರುತ್ತದೆ. ಅದರ ಪಕ್ಕದಲ್ಲಿ ಒಂದು ಪೂರ್ತಿ ಸ್ಟ್ರಿಪ್, ಧೂಳಿನ ಅಲರ್ಜಿಗೆ ಒಳ್ಳೆಯದು ಎಂದು ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೊಟ್ಟಿದ್ದರಂತೆ.

ಸಿರಪ್ ಬಾಟಲಿಯನ್ನೂ ಸ್ಟ್ರಿಪ್ಪನ್ನೂ ಮೊಬೈಲಿನ ಬೆಳಕಿಗೆ ಹಿಡಿದು ಹಿಂದಿನ ಸಣ್ಣ ಅಕ್ಷರ ಓದಿದೆ. ಮುಂದೆ ಬರೆದ ದೊಡ್ಡ ಹೆಸರುಗಳು ಬೇರೆ ಬೇರೆ. ಹಿಂದೆ ಎರಡರಲ್ಲೂ ಸೀನು ತಡೆಯುವ ಕ್ಲೋರ್‌ಫೆನಿರಮಿನ್ ಎಂಬ ಒಂದೇ ಔಷಧದ ಹೆಸರು ಇತ್ತು. ಮಂಪರು ಬರಬಹುದು, ವಾಹನ ಓಡಿಸಬೇಡಿ ಎಂದೂ ಇಂಗ್ಲಿಷಿನಲ್ಲಿ ಇತ್ತು. ಅಜ್ಜಿ ವಾಹನ ಓಡಿಸುವುದಿಲ್ಲ, ಇಂಗ್ಲಿಷ್ ಓದುವುದೂ ಇಲ್ಲ.

“ಮೂರನ್ನೂ ಒಟ್ಟಿಗೆ ಕೊಡ್ತಿದ್ರಾ ಚಿಕ್ಕಮ್ಮ?”

“ಒಟ್ಟಿಗೆ ಅಂದ್ರೆ? ಸೆಟ್ಟು ನೆಗಡಿಗೆ, ಸಿರಪ್ ಕೆಮ್ಮಿಗೆ, ಅದು ಧೂಳಿಗೆ. ಬೇರೆ ಬೇರೆ ಅಲ್ವಾ?”

“ನಿದ್ದೆ ಬರುತ್ತೆ ಅಂತ ಯಾರೂ ಹೇಳ್ಲಿಲ್ವಾ?”

“ಎಂಥ ಕೇಳ್ತೀಯ! ಅದಕ್ಕೇ ಅಲ್ವಾ ಮಾತ್ರೆ ನುಂಗಿಸಿದ ಕೂಡ್ಲೇ ಒಂದು ಲೋಟ ಸ್ಟ್ರಾಂಗ್ ಕಾಫಿ ಕೊಡ್ತಿದ್ದದ್ದು? ಕಾಫಿ ಕುಡಿದ್ರೆ ಮಂಕು ಹೋಗುತ್ತೆ ಅಂದಿದ್ರಲ್ಲ ಇವ್ರು.”

ಚಿಕ್ಕಮ್ಮ ಮತ್ತೆ ತೆಂಗಿನಕಾಯಿ ತುರಿಯಲು ಕುಳಿತರು. ತಾವು ಏನೋ ಹೇಳಿಬಿಟ್ಟೆವು ಎಂಬ ಅನುಮಾನ ಅವರ ಮುಖದಲ್ಲಿ ಇರಲಿಲ್ಲ. ನನ್ನ ತಲೆಯಲ್ಲಿ ಮಾತ್ರ ಆ ‘ಅಂದಿದ್ರಲ್ಲ ಇವ್ರು’ ಉಳಿಯಿತು. ಮಂಕು ಬರುತ್ತದೆ ಎಂದು ಚಿಕ್ಕಪ್ಪನಿಗೆ ಗೊತ್ತಿತ್ತು. ಯಾವಾಗಿನಿಂದ?

ಹಲಗೆಯ ಮೇಲಿದ್ದುದನ್ನೆಲ್ಲ, ಅಜ್ಜಿ ದಿನವೂ ನುಂಗುವ ಬಿಪಿ ಮಾತ್ರೆಯನ್ನೂ ಸೇರಿಸಿ, ಒಂದು ಚೀಲಕ್ಕೆ ತುಂಬಿಕೊಂಡು ಮಾರನೇ ದಿನ ಅಜ್ಜಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಚೀಲವನ್ನು ಮೇಜಿನ ಮೇಲೆ ಸುರಿದು, ಒಂದೊಂದನ್ನೇ ತಿರುಗಿಸಿ ನೋಡಿದರು. ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು. ಬಿಪಿ ನೋಡಿದರು. ಹೆಚ್ಚಾಗಿತ್ತು. ಮೂತ್ರಕ್ಕೆ ಹೋಗಲು ಕಷ್ಟವಾಗುತ್ತದೆಯೇ, ನಡೆಯುವಾಗ ಓಲಾಡುತ್ತದೆಯೇ ಎಂದು ಅಜ್ಜಿಯನ್ನೇ ಕೇಳಿದರು. ಎರಡಕ್ಕೂ ಹೌದೆಂದರು ಅಜ್ಜಿ. ನಮಗೆ ಯಾರಿಗೂ ಅವರು ಅದನ್ನು ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

“ಇದೆಲ್ಲ ಇವತ್ತೇ ನಿಲ್ಲಿಸಿ, ಬಿಪಿದು ಒಂದು ಬಿಟ್ಟು,” ಎಂದರು ಡಾಕ್ಟರು. “ನೆಗಡಿ ಮಾತ್ರೆ ಅಂದ್ರೆ ಒಂದೇ ಔಷಧ ಅಲ್ಲ. ಜ್ವರಕ್ಕೆ, ಮೂಗು ಬಿಡಿಸೋಕೆ, ಸೀನು ನಿಲ್ಲಿಸೋಕೆ, ಎಲ್ಲ ಒಂದರಲ್ಲೇ ಇರುತ್ತೆ. ಅದರ ಮೇಲೆ ಇನ್ನೊಂದು, ಮತ್ತೊಂದು ಕೊಟ್ರೆ ಒಂದೇ ಔಷಧ ಎರಡು ಮೂರು ಪಾಲು ಹೋಗುತ್ತೆ. ಮೂಗು ಬಿಡಿಸೋದು ಬಿಪಿ ಏರಿಸುತ್ತೆ. ಸೀನಿಂದು ಈ ವಯಸ್ಸಿನೋರಿಗೆ ಬಾಯಿ ಒಣಗಿಸುತ್ತೆ, ತಲೆ ಮಂಕು ಮಾಡುತ್ತೆ. ಏನೇ ಕೊಡೋದಿದ್ರೂ ಏನೇನು ತಗೊಳ್ತಿದ್ದಾರೆ ಅಂತ ಡಾಕ್ಟ್ರಿಗೆ ಹೇಳಿ, ಕೇಳಿ ಕೊಡಿ.”

“ಹಾಗಾದ್ರೆ ಅರಳುಮರಳು ಅಲ್ಲ, ಅಲ್ವಾ ಡಾಕ್ಟ್ರೇ?”

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. “ನಾನು ಹಾಗೆ ಎಲ್ಲಿ ಅಂದೆ? ನಿಲ್ಲಿಸಿ, ನೋಡೋಣ. ಆಮೇಲೂ ಮರೆವು ಇದ್ರೆ ಅದನ್ನೂ ಪರೀಕ್ಷೆ ಮಾಡೋಣ. ನೀನು ಬರೋಕೆ ಮುಂಚೆನೇ ತೀರ್ಪು ಬರ್ಕೊಂಡು ಬಂದ ಹಾಗಿದೆ.”

ಪೆಟ್ಟು ಸರಿಯಾದ ಜಾಗಕ್ಕೇ ಬಿತ್ತು. ಅಜ್ಜಿ ಮಾತ್ರ ದಾರಿಯುದ್ದಕ್ಕೂ ನಕ್ಕರು. “ನಿನ್ನ ಬಾಯಿ ಮುಚ್ಚಿಸೋರು ಒಬ್ರು ಸಿಕ್ಕಿದ್ರಲ್ಲ!”

ಹೆಸರಿಲ್ಲದ ಸೆಟ್ಟಿನಲ್ಲಿ ಏನಿತ್ತು ಎಂದು ತಿಳಿಯಲು ಕವರಿನ ಮೇಲೆ ಹೆಸರಿದ್ದ ಮೂಡಿಗೆರೆಯ ಮೆಡಿಕಲ್ ಶಾಪಿಗೆ ಹೋದೆ. ಯಾರ ಮನೆಯವಳೆಂದು ಹೇಳಿದೆ. ಅಂಗಡಿಯವರು ಒಂದು ಗಳಿಗೆ ಕತ್ತರಿಯನ್ನು ಆಡಿಸುವುದು ನಿಲ್ಲಿಸಿದರು.

“ನೆಗಡಿದು ಒಂದು, ಜ್ವರದ್ದು ಒಂದು, ಅಲರ್ಜಿದು ಒಂದು. ಎಲ್ಲರಿಗೂ ಕೊಡೋದೇ. ಯಾಕೆ?”

“ನೆಗಡಿ ಮಾತ್ರೆಯೊಳಗೇ ಜ್ವರದ್ದೂ ಅಲರ್ಜಿದೂ ಇರುತ್ತಲ್ಲ?”

“ಇರುತ್ತೆ. ಬೇಗ ಗುಣ ಆಗ್ಲಿ ಅಂತ ಜನ ಕೇಳ್ತಾರೆ.” ಆಮೇಲೆ ನಾನು ಕೇಳದಿದ್ದ ಪ್ರಶ್ನೆಗೂ ಉತ್ತರ ಕೊಟ್ಟರು. “ನಿಮ್ಮ ಚಿಕ್ಕಪ್ಪ ಎರಡನೇ ಸಲ ಬಂದಾಗ ‘ಅಮ್ಮನಿಗೆ’ ಅಂದ್ರು. ನಾನು ಆಗ್ಲೇ ಹೇಳಿದ್ದೆ ನೋಡಿ. ವಯಸ್ಸಾದೋರಿಗೆ ಜಾಸ್ತಿ ದಿನ ಬೇಡ, ಮಂಕಾಗ್ತಾರೆ, ಸಿರಪ್ಪು ಗಿರಪ್ಪು ಸೇರಿಸ್ಬೇಡಿ ಅಂತ.”

“ಹೇಳಿದ ಮೇಲೂ ಕೊಟ್ರಲ್ಲ?”

“ನಾನು ಕೊಡದಿದ್ರೆ ಪಕ್ಕದ ಅಂಗಡಿಯೋರು ಕೊಡ್ತಾರಮ್ಮ.”

ಬಸ್ಸಿನಲ್ಲಿ ಕುಳಿತು ಈ ಸಾಕ್ಷಿಯನ್ನು ತೂಗಿ ನೋಡಿದೆ. ಡಾಕ್ಟರ ಚೀಟಿ ಇಲ್ಲದೆ ಮಾತ್ರೆ ಕತ್ತರಿಸಿ ಕೊಟ್ಟವರು, ‘ನಾನು ಎಚ್ಚರಿಸಿದ್ದೆ’ ಎಂದು ಹೇಳಲೇಬೇಕು. ಹೇಳದಿದ್ದರೆ ತಪ್ಪು ಅವರ ಕೊರಳಿಗೆ ಬರುತ್ತದೆ. ಹಾಗೆಂದು ಅವರದು ಸುಳ್ಳು ಎನ್ನಲೂ ಆಗದು, ಏಕೆಂದರೆ ‘ಮಂಕು’ ಎಂಬ ಅದೇ ಮಾತು ಅಂಗಡಿಯ ಕಟ್ಟೆ ದಾಟಿ ನಮ್ಮ ಅಡುಗೆಮನೆಗೂ ಬಂದಿತ್ತು. ಇನ್ನು ಚಿಕ್ಕಪ್ಪ. ಕಣ ಅಜ್ಜಿಯ ಕೈ ತಪ್ಪಿದರೆ ಲಾಭ ಅವರಿಗೆ. ಆದರೆ ಅಜ್ಜಿ ಕೆಮ್ಮಿ ಕೆಮ್ಮಿ ಸೋತಾಗ ಬಿಸಿನೀರು ಕಾಯಿಸಿ, ಎದೆಗೆ ಎಣ್ಣೆ ತಿಕ್ಕಿ, ಕೆಮ್ಮು ನಿಲ್ಲುವವರೆಗೆ ಪಕ್ಕದಲ್ಲಿ ಕುಳಿತವರೂ ಅವರೇ ಎಂದು ಅಜ್ಜಿಯೇ ಹೇಳಿದ್ದರು. ಚರ್ಚಾಸ್ಪರ್ಧೆಯಲ್ಲಿ ಇಂಥ ಮನುಷ್ಯನನ್ನು ಯಾವ ಪಕ್ಷಕ್ಕೆ ಕೂರಿಸುವುದು?

ಮಾತ್ರೆ ನಿಂತಿತು. ಮೊದಲು ಹೋದದ್ದು ಹಗಲಿನ ತೂಕಡಿಕೆ, ಆಮೇಲೆ ಬಾಯಿ ಒಣಗುವುದು. ಅಜ್ಜಿ ಕಾಳುಮೆಣಸಿನ ಸಾರಿಗೆ ಉಪ್ಪು ಕಡಿಮೆ ಎಂದು ಚಿಕ್ಕಮ್ಮನಿಗೆ ಗದರಿದ ದಿನ ಚಿಕ್ಕಮ್ಮ ಬೈಸಿಕೊಂಡೂ ಖುಷಿಯಾಗಿದ್ದರು. ಕೆಮ್ಮು ಪೂರ್ತಿ ಹೋಗಲಿಲ್ಲ. ಕಣದ ಧೂಳಿಗೆ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುವುದನ್ನು ಅಜ್ಜಿ ರೂಢಿ ಮಾಡಿಕೊಂಡರು. ನನ್ನ ವಾದಕ್ಕೆ ವಿರುದ್ಧವಾದದ್ದನ್ನೂ ಹೇಳಬೇಕು: ಅಪರೂಪಕ್ಕೆ ಈಗಲೂ ಕೇಳಿದ್ದನ್ನು ಮತ್ತೆ ಕೇಳುತ್ತಾರೆ. ಆದರೆ ‘ಈಗ ತಾನೇ ಕೇಳಿದ್ನಲ್ಲ’ ಎಂದು ಅವರಿಗೇ ಹೊಳೆಯುತ್ತದೆ.

ಕಣ ಮಾತ್ರ ಅವರಿಗೆ ವಾಪಸ್ ಸಿಕ್ಕಿರಲಿಲ್ಲ. ಹಣ್ಣನ್ನೇ ಮಾರುವುದು ಮುಂದಿನ ವರ್ಷದಿಂದ ಎಂದಾಗಿತ್ತು. ‘ರೆಸ್ಟ್ ತಗೊಳ್ಳಿ ಅಮ್ಮ’ ಎಂದು ಚಿಕ್ಕಪ್ಪ ನಯವಾಗಿಯೇ ಹೇಳುತ್ತಿದ್ದರು. ಆ ನಯ ನನಗೆ ಹಿಡಿಸುತ್ತಿರಲಿಲ್ಲ.

ಅರೇಬಿಕಾ ಮುಗಿದ ಮೇಲೆ ಕುಯ್ಯುವ ರೊಬಸ್ಟಾ ಒಣಗುವ ಹೊತ್ತಿಗೆ ಒಂದು ಭಾನುವಾರ ನಾನು ಮನೆಯಲ್ಲಿದ್ದೆ. ಚಿಕ್ಕಪ್ಪ ಗೋಣಿ, ದಬ್ಬಳ, ದಾರ ಎಲ್ಲ ಕಣಕ್ಕೆ ತರಿಸಿದ್ದರು. ಕೆಲಸದ ಹೆಂಗಸರು ಕಾಫಿಯನ್ನು ರಾಶಿಗೆ ಎಳೆಯುತ್ತಿದ್ದರು. ಅಜ್ಜಿ ಬಟ್ಟೆಯಿಂದ ಮೂಗು ಮುಚ್ಚಿಕೊಂಡು, ಯಾರೂ ಕರೆಯದೆ, ಮೆಟ್ಟಿಲಿಳಿದು ಬಂದರು. ಬಗ್ಗಿ ಒಂದು ಹಿಡಿ ಬಾಚಿದರು. ಕಿವಿಯ ಹತ್ತಿರ ಅಲ್ಲಾಡಿಸಿದರು. ಬಟ್ಟೆ ಸರಿಸಿ ಒಂದು ಬೀಜವನ್ನು ಹಲ್ಲಿನ ನಡುವೆ ಇಟ್ಟು ಕಚ್ಚಿದರು, ಉಗಿದರು.

“ಇನ್ನೆರಡು ಬಿಸಿಲು ಬೇಕು.”

ಹೆಂಗಸರ ಕೈ ನಿಂತಿತು. ಅವರು ಅಜ್ಜಿಯನ್ನು ನೋಡಲಿಲ್ಲ, ಚಿಕ್ಕಪ್ಪನನ್ನು ನೋಡಿದರು. ಅಜ್ಜಿಗೂ ಅದು ಕಂಡಿತು.

“ಅಮ್ಮ, ನಿಮಗೆ ಈಗ ಅಷ್ಟು ಗೊತ್ತಾಗಲ್ಲ. ಹೋದ ಸಲ ಆಗಿದ್ದು ಸಾಕು,” ಎಂದರು ಚಿಕ್ಕಪ್ಪ. “ಕಟ್ರೇ.”

ಅಜ್ಜಿ ಕೈಯಲ್ಲಿ ಉಳಿದಿದ್ದ ಕಾಫಿಯನ್ನು ರಾಶಿಗೆ ಬಿಟ್ಟು, ಅಂಗೈಯನ್ನು ಸೀರೆಗೆ ಒರೆಸಿಕೊಂಡರು. ಹಿಂದೆ ತಿರುಗಲಿಲ್ಲ. ಅಲ್ಲೇ ನಿಂತರು. ಚಿಕ್ಕಪ್ಪ ದಬ್ಬಳಕ್ಕೆ ದಾರ ಪೋಣಿಸಲು ಹೋಗಿ, ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ, ಮತ್ತೆ ಪೋಣಿಸಲು ನೋಡುತ್ತಿದ್ದರು. ನಾನು ಎಲ್ಲರಿಗೂ ಕೇಳುವ ಹಾಗೆಯೇ ಕೇಳಿದೆ:

“ಚಿಕ್ಕಪ್ಪ, ಆ ಮಾತ್ರೆ ಕೊಟ್ರೆ ಅಜ್ಜಿ ಮಂಕಾಗ್ತಾರೆ ಅಂತ ಅಂಗಡಿಯವರು ನಿಮಗೆ ಹೇಳಿದ್ದು, ಹೋದ ಸಲ ಮೂಟೆ ಕಟ್ಟೋಕೆ ಮುಂಚೆನಾ, ಆಮೇಲಾ?”