ನಾನು ಹೇಳದ ಎರಡು ಪದ

ಬಂದ್ಯೋಡಿನ ಹೆದ್ದಾರಿ ಬದಿಯಲ್ಲಿ ಗೆಳೆಯನ ಅಪ್ಪನ ಪಂಕ್ಚರ್ ಅಂಗಡಿ. ಅದರ ಹಿಂದೆ ಹಳೇ ಲಾರಿ ಟಯರ್‌ಗಳ ಮೇಲೆ ಕೂತು ನಾವಿಬ್ಬರೂ ವಿಮಾನದ ವಿಷಯಕ್ಕೆ ಜಗಳವಾಡುತ್ತಿದ್ದೆವು. ಇಬ್ಬರಿಗೂ ಕೋ-ಪೈಲಟ್ ಆಗಬೇಕಿತ್ತು. ಯಾವ ದಾರಿಯಲ್ಲಿ ಎಂಬುದೇ ತಕರಾರು.

ಅವನದು ಹಳೆಯ ದಾರಿ: ಸಣ್ಣ ವಿಮಾನದಲ್ಲಿ ಒಬ್ಬನೇ ಹಾರಿ ಗಂಟೆ ತುಂಬಿಸಿ, ಲೈಸೆನ್ಸ್ ಪಡೆದು, ಆಮೇಲೆ ಕೆಲಸ ಹುಡುಕುವುದು. ನನ್ನದು ಹೊಸದು: ವಿಮಾನ ಕಂಪೆನಿಯೇ ಮೊದಲು ಆರಿಸಿಕೊಳ್ಳುತ್ತದೆ, ಬಹುಪಾಲು ಪಾಠ ನೆಲದ ಮೇಲಿನ ನಕಲಿ ಕಾಕ್‌ಪಿಟ್ಟಾದ ಸಿಮ್ಯುಲೇಟರ್‌ನಲ್ಲಿ, ಕ್ಯಾಪ್ಟನ್ ಪಕ್ಕದಲ್ಲಿ. ಪಾಸಾದರೆ ನೇರ ಆ ಕಂಪೆನಿಯ ಸೀಟು.

"ಒಬ್ಬನೇ ಹಾರದವ ಎಂತ ಪೈಲಟ್ ಮಾರಾಯ? ಕುಂಬಳೆ ಬಸ್ಸಿನ ಕ್ಲೀನರ್ ನೀನು."

"ನೀನು ಲೈಸೆನ್ಸ್ ಹಿಡ್ಕೊಂಡು ಇಲ್ಲೇ ಟಯರಿಗೆ ಗಾಳಿ ಹಾಕ್ತಾ ಕೂತಿರ್ತಿ, ನೋಡು."

"ಕ್ಲೀನರಿಗಾದ್ರೂ ಡ್ರೈವರಿಗೆ 'ಹೋಲ್ಡಾನ್', ಬಸ್ ನಿಲ್ಲಿಸು ಅಂತ ಹೇಳುವ ಧೈರ್ಯ ಉಂಟು. ನಿನಗೆ ಉಂಟಾ?"

ನಾನು ಆಯಿಲ್ ಸುರಿಯುವ ಲಾಳಿಕೆ ಬಾಯಿಗಿಟ್ಟು, ಮೂಗಿನ ದನಿಯಲ್ಲಿ ಕ್ಯಾಪ್ಟನ್ ಆದೆ: "ಪ್ರಯಾಣಿಕರೇ, ಕೆಳಗೆ ಬಂದ್ಯೋಡು. ಎಡಕ್ಕೆ ಒಂದು ಪಂಕ್ಚರ್ ಕಾಣ್ತಾ ಉಂಟು." ಅವನ ಅಪ್ಪ ಸ್ಪ್ಯಾನರ್ ಕೆಳಗಿಟ್ಟು ನಕ್ಕರು. ವಾದ ಗೆದ್ದದ್ದು ನಾನೇ ಎಂದು ಎಲ್ಲರೂ ಒಪ್ಪಿದರು. ನಾನಂತೂ ಒಪ್ಪಿದೆ.

ಕಂಪೆನಿಯೊಂದು ನನ್ನನ್ನು ಆರಿಸಿಕೊಂಡಿತು. ತರಬೇತಿಯಲ್ಲಿ ನಮ್ಮನ್ನು ಪರೀಕ್ಷಿಸುವ ಕ್ಯಾಪ್ಟನ್, ಮಾತಿಗೆ ಮುಂಚೆ ಸಣ್ಣಗೆ ಕೆಮ್ಮುತ್ತಿದ್ದರು. ಒಂದೇ ವಾರದಲ್ಲಿ ಆ ಕೆಮ್ಮು, ಆ ದನಿ ಎರಡೂ ನನ್ನ ಮಿಮಿಕ್ರಿಗೆ ಸೇರಿದವು. ಹಾಸ್ಟೆಲಿನಲ್ಲಿ ನನಗೆ ಬಲು ಡಿಮಾಂಡು. ವಿಮಾನ ಇಳಿಸುವ ಪರೀಕ್ಷೆಯಲ್ಲಿ ಒಮ್ಮೆ ಫೇಲಾದದ್ದನ್ನೂ ಅವರದೇ ದನಿಯಲ್ಲಿ ಹೇಳಿ ನಗಿಸಿದ್ದೆ. ಇನ್ನೊಮ್ಮೆ ಫೇಲಾದರೆ ಮನೆಗೆ.

ಎರಡನೇ ಸಲ ಸಿಮ್ಯುಲೇಟರಿನಲ್ಲಿ ಅವರು ಬೇಕೆಂದೇ ವಿಪರೀತ ವೇಗದಲ್ಲಿ ಇಳಿಸುತ್ತ ಬಂದರು. ಅಂಥ ಹೊತ್ತಿನಲ್ಲಿ ಕೋ-ಪೈಲಟ್ ಹೇಳಬೇಕಾದದ್ದು ಎರಡೇ ಪದ, "ಗೋ ಅರೌಂಡ್": ಇಳಿಸಬೇಡಿ, ಮತ್ತೆ ಮೇಲೇರಿ. ವೇಗ ನನ್ನ ಕಣ್ಣೆದುರೇ ಇತ್ತು. ಅವರು ಕೆಮ್ಮಿ, "ಎಲ್ಲ ಸರಿ ಇದೆ" ಎಂದರು. ನನ್ನ ಬಾಯಿಂದ ಹೊರಟದ್ದೂ "ಎಲ್ಲ ಸರಿ ಇದೆ". ಅವರದೇ ದನಿ, ಕೆಮ್ಮು ಸಮೇತ.

ವಿಮಾನ ರನ್‌ವೇ ದಾಟಿ ಹೋಯಿತು. ಪರದೆ ಕೆಂಪಾಯಿತು. ಅವರು ಬೈಯಲಿಲ್ಲ. "ಇಲ್ಲಿ ನೀನು ಎಲ್ಲಿದ್ದೆ?" ಎಂದು ಕೇಳಿದರು, ಅಷ್ಟೆ.

ಕಂಪೆನಿ ಕೈಬಿಟ್ಟಿತು. ಸಿಮ್ಯುಲೇಟರಿನ ಗಂಟೆಗಳು ಹಳೆಯ ದಾರಿಗೆ ಲೆಕ್ಕಕ್ಕಿಲ್ಲ. ಉಮ್ಮ ನೆಂಟರಿಗೆ "ಮಗ ರಜೆಯಲ್ಲಿ ಬಂದಿದ್ದಾನೆ" ಎಂದರು. ರಜೆ ಮುಗಿಯಲೇ ಇಲ್ಲ. ಮದುವೆಮನೆಗಳಲ್ಲಿ "ಆ ಪೈಲಟಿನದ್ದು ಒಂದ್ಸಲ ಮಾಡು" ಎನ್ನುತ್ತಿದ್ದರು. ಮಾಡುತ್ತಿದ್ದೆ. ನಗುತ್ತಿದ್ದರು.

ಗೆಳೆಯ ಲೈಸೆನ್ಸ್ ಪಡೆದು, ನಾನು ಹೇಳಿದ ಹಾಗೆಯೇ ಟಯರಿಗೆ ಗಾಳಿ ಹಾಕುತ್ತ ಒಂದು ವರ್ಷ ಕಳೆದ. ಕೊನೆಗೊಂದು ಕಂಪೆನಿ ಅವನನ್ನು ಪರೀಕ್ಷೆಗೆ ಕರೆಯಿತು.

"ನೀನು ಕ್ಯಾಪ್ಟನ್ ಆಗು ಮಾರಾಯ. ಪ್ರಾಕ್ಟೀಸ್ ಬೇಕು."

ಟಯರ್‌ಗಳ ಮೇಲೆ ಕೂತೆವು. ನಾನು ಮಿತಿಮೀರಿದ ವೇಗವೊಂದನ್ನು ಓದಿ ಹೇಳಿದೆ, ಕೆಮ್ಮಿದೆ. "ಎಲ್ಲ ಸರಿ ಇದೆ."

"ಇಲ್ಲ ಸರ್. ಗೋ ಅರೌಂಡ್."

ಅವನು ಒಂದು ಕ್ಷಣವೂ ಕಾಯಲಿಲ್ಲ. "ಸಮ ಆಯ್ತಾ?" ಎಂದ. "ಇನ್ನೊಮ್ಮೆ" ಎಂದೆ. ಐದು ಸಲ ಮಾಡಿಸಿದೆ. ಐದೂ ಸಲ ಹೇಳಿದ.

"ಇನ್ನು ನಾನು ಕ್ಯಾಪ್ಟನ್, ನೀನು ಕೋ-ಪೈಲಟ್. ಬಾ."

ಉಮ್ಮ ಕರೀತಿದ್ದಾರೆ ಎಂದು ಎದ್ದು ಬಂದೆ. ಯಾರೂ ಕರೆದಿರಲಿಲ್ಲ.