ಡ್ರಾಯರಿನಲ್ಲಿಟ್ಟ ರಿಲೇ

ನನ್ನ ತಮ್ಮನ ಉಸಿರಿನ ಮಷೀನಿಗೆ, ಕರೆಂಟ್ ಹೋದರೆ ತಾನೇ ಬ್ಯಾಟರಿಗೆ ಬದಲಾಯಿಸುವ ರಿಲೇಯನ್ನು ನಾನು ಹಾಕಿಕೊಡಲಿಲ್ಲ. ಗೊತ್ತಿಲ್ಲದೆ ಅಲ್ಲ. ಮಧುಗಿರಿಯಲ್ಲಿ ಇಪ್ಪತ್ತು ವರ್ಷದಿಂದ ಮೋಟಾರ್ ವೈಂಡಿಂಗ್ ಮಾಡುತ್ತಿದ್ದೇನೆ. ಅದು ಅರ್ಧ ಗಂಟೆಯ ಕೆಲಸ.

ತಿಮ್ಮರಾಜುವಿಗೆ ಮೊದಲು ಕಾಣಿಸಿಕೊಂಡಿದ್ದು ಬೆಳಗಿನ ತಲೆನೋವು. ಆಮೇಲೆ ಹಗಲೆಲ್ಲ ತೂಕಡಿಕೆ. ಅಂಗಡಿಯಲ್ಲಿ ನನ್ನ ಪಕ್ಕದಲ್ಲೇ ಕೂತು, ಕೈಯಲ್ಲಿ ಕೆಲಸವಿರುವಾಗಲೇ ನಿದ್ದೆ ಹೋಗುತ್ತಿದ್ದ. ಹಳೆಯ ಟಿಬಿಯಿಂದ ಶ್ವಾಸಕೋಶ ಹಾಳಾಗಿದೆ, ನಿದ್ದೆ ಮಾಡುವಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತಿದೆ ಎಂದರು ತುಮಕೂರಿನ ಡಾಕ್ಟರ್. ಮಲಗುವಾಗೆಲ್ಲ ಮುಖಕ್ಕೆ ಮಾಸ್ಕ್ ಕಟ್ಟಿ ಬೈಪ್ಯಾಪ್ ಮಷೀನು ಹಾಕಬೇಕು. ಕರೆಂಟ್ ಹೋದರೂ ಅದು ನಿಲ್ಲಬಾರದು.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅವನು ಐಟಿಐ ಮುಗಿಸಿದವನು. ಅಂಗಡಿ ನನ್ನದು, ಬಂದವರು ಕೇಳುತ್ತಿದ್ದುದು ಅವನನ್ನು. ಅವನು ಕಾಯಿಲೆ ಬಿದ್ದು ಮಲಗಿದ ಮೇಲಾದರೂ ಅದು ನಿಲ್ಲುತ್ತದೆ ಅಂದುಕೊಂಡಿದ್ದೆ. ಮಿಕ್ಸಿ ಹಿಡಿದುಕೊಂಡು ಜನ ಅವನ ಮನೆಗೇ ಹೋದರು.

ಮಲಗಿದ್ದಲ್ಲಿಂದಲೇ ಮಾತ್ರೆ ಡಬ್ಬಿಯ ರಟ್ಟಿನ ಮೇಲೆ ನನಗೆ ಸರ್ಕ್ಯೂಟ್ ಬರೆದುಕೊಟ್ಟ.

"ಅಡಾಪ್ಟರಿಂದ ಕಾಯಿಲ್‌ಗೆ ಕೊಡಣ್ಣ. ಕರೆಂಟ್ ಇದ್ರೆ ರಿಲೇ ಎಳ್ಕಂಡಿರ್ತದೆ. ಹೋದ್ರೆ ಬುಟ್ಬುಡ್ತದೆ, ಮಷೀನು ತಾನೇ ಬ್ಯಾಟ್ರಿ ಮ್ಯಾಲೆ ಓಡ್ತದೆ. ಯಾರೂ ಮುಟ್ಟಂಗೇ ಇಲ್ಲ."

"ನಂಗೇ ಹೇಳ್ಕೊಡ್ತೀಯೇನ್ಲಾ, ಮೇಷ್ಟ್ರೇ?" ಎಂದು ನಕ್ಕೆ. ಒಳಗೆ ನಗು ಇರಲಿಲ್ಲ.

ತಂದ ರಿಲೇಯನ್ನು ಅಂಗಡಿಯ ಡ್ರಾಯರಿನಲ್ಲಿಟ್ಟು, ಸಿಗಲಿಲ್ಲ ಎಂದು ತಮ್ಮನಿಗೆ ಹೇಳಿದೆ. ಅದರ ಬದಲು ಅವನ ಮನೆಯ ಗೋಡೆಗೆ, ಬ್ಯಾಟರಿಗೆ ಕೈಯಿಂದ ತಿರುಗಿಸುವ ಸ್ವಿಚ್ಚು ಹಾಕಿದೆ. ಅವನು ನಿದ್ದೆಯಲ್ಲಿರುವಾಗ ಅವನ ಹೆಂಡತಿ ಗೌರಮ್ಮನಿಗೆ, "ಮುಟ್ಬೇಡ ಕಣಮ್ಮ, ಶಾಕ್ ಹೊಡೀತದೆ. ಕರೆಂಟ್ ಹೋದ್ರೆ ನಂಗೆ ಫೋನ್ ಮಾಡು" ಎಂದೆ. ಬರೀ ಇಪ್ಪತ್ನಾಲ್ಕು ವೋಲ್ಟು. ಶಾಕ್ ಹೊಡೆಯುವಂಥದ್ದೇ ಅಲ್ಲ. ಅವರು ನನ್ನನ್ನೇ ಕರೆಯುವಂತಾಗಬೇಕಿತ್ತು, ಅಷ್ಟೇ. ರಾತ್ರಿ ಪಕ್ಕದ ಮನೆಯಿಂದ, ಹಗಲು ಅಂಗಡಿಯಿಂದ ಓಡಿಹೋಗಿ ತಿರುಗಿಸುತ್ತಿದ್ದೆ. "ಸದ್ಯ, ಬಾವ ಬಂದ್ರು" ಎಂದು ಅವಳು ಅನ್ನುವಾಗ ಹಿತವಾಗುತ್ತಿತ್ತು.

ಒಂದು ಮಧ್ಯಾಹ್ನ ಶಿರಾ ಕಡೆಯ ಗಿರಾಕಿಯೊಬ್ಬರು ನಾನು ಸುತ್ತಿದ ಕಾಯಿಲ್ ನೋಡಿ, "ನಿಮ್ ತಮ್ಮ ಸುತ್ತಿದಂಗೇ ಐತೆ, ಪರ್ವಾಗಿಲ್ಲ" ಎಂದರು. ಅವರು ಹೊಗಳಿದ್ದು. ಅವರು ಹೋದ ಮೇಲೆ ಕರೆಂಟ್ ಹೋಯಿತು, ಫೋನು ಬಡಿದುಕೊಂಡಿತು. ಗೌರಮ್ಮ. ನೋಡಿದೆ. ಮತ್ತೆ ಬಂತು. ಅವನೇ ಎದ್ದು ತಿರುಗಿಸಿಕೊಳ್ಳಲಿ, ಅಷ್ಟು ಬಲ್ಲವನಲ್ಲವೇ, ಎಂದು ಕೈಯಲ್ಲಿದ್ದ ಕಾಯಿಲ್ ಮುಗಿಸಿಯೇ ಎದ್ದೆ.

ನಾನು ಹೋಗಿ ಅಲುಗಾಡಿಸಿದರೂ ತಮ್ಮ ಏಳಲಿಲ್ಲ.

ಮಾಸ್ಕ್ ಮುಖದ ಮೇಲೇ ಇತ್ತು. ಮಷೀನು ನಿಂತಿತ್ತು. ಗೌರಮ್ಮ ಸ್ವಿಚ್ಚಿನ ಕೆಳಗೆ ಫೋನು ಹಿಡಿದು ನಿಂತಿದ್ದಳು.

ತುಮಕೂರಿನ ಐಸಿಯು ಬಾಗಿಲಲ್ಲಿ ಡಾಕ್ಟರ್ ಕೇಳಿದರು. "ಮನೇಲಿ ಯಾರಿದ್ರು?"

"ನಾನೇ ಸಾರ್," ಎಂದಳು ಗೌರಮ್ಮ. "ನಿದ್ದೆ ಮಾಡ್ತಾವ್ರೆ ಅಂದ್ಕಂಡೆ. ಸ್ವಿಚ್ ಮುಟ್ಟಾಕೆ ಭಯ ಆಯ್ತು."

"ಮಾಸ್ಕ್ ಆದ್ರೂ ತೆಗೀಬೇಕಿತ್ತಲ್ಲಮ್ಮ. ಮಷೀನು ನಿಂತ್ರೆ ಅದರೊಳಗೆ ಬಿಟ್ಟ ಉಸಿರನ್ನೇ ಮತ್ತೆ ಎಳ್ಕೊಳ್ತಾರೆ."

ನಾನು ಪಕ್ಕದಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ನೋಡಲು ಬಂದ ನೆಂಟರೂ ಅವಳಿಗೆ ಅದನ್ನೇ ಅಂದರು. ಅವಳು ಸರಿಯಾಗಿ ಊಟ ಮಾಡುವುದನ್ನೇ ಬಿಟ್ಟಳು.

ಐದನೇ ದಿನ ತಮ್ಮ ಕಣ್ಣು ಬಿಟ್ಟ. ಮನೆಗೆ ಬಂದು ಈಗ ಮೂರು ವಾರ. ಮಾತು ನಿಧಾನ, ಬೆರಳು ನಡುಗುತ್ತವೆ. ಉಳಿದನಲ್ಲ, ಅದೇ ದೊಡ್ಡದು. ಆದರೂ ಆ ಬೆರಳು ನೋಡಿದಾಗ, ಇನ್ನು ಗಿರಾಕಿಗಳು ನನ್ನನ್ನೇ ಕೇಳುತ್ತಾರೆ ಎಂಬ ಯೋಚನೆ ಒಂದು ಗಳಿಗೆ ಬಂತು. ಅದನ್ನೂ ಬರೆಯಲೇಬೇಕು.

ಅವನು ಮನೆಗೆ ಬಂದ ದಿನವೇ ರಿಲೇ ಜೋಡಿಸಿದ್ದೆ. ಕಳೆದ ಭಾನುವಾರ ನಾನು ಅಲ್ಲಿರುವಾಗಲೇ ಕರೆಂಟ್ ಹೋಯಿತು. ಮಷೀನು ನಿಲ್ಲಲಿಲ್ಲ. ಗೌರಮ್ಮ ಮಾತ್ರ ಒಲೆ ಬಿಟ್ಟು ಓಡಿಬಂದು, "ನಾನೇನೂ ಮುಟ್ಲಿಲ್ಲ ಬಾವ" ಎಂದಳು.

ನನಗೆ ತಡೆಯಲಾಗಲಿಲ್ಲ. ತಿಮ್ಮರಾಜು ಮಾಸ್ಕ್ ಹಾಕಿಕೊಂಡೇ ನನ್ನತ್ತ ನೋಡುತ್ತಿದ್ದ.

"ರಿಲೇ ತಂದು ಡ್ರಾಯರ್ನಾಗೇ ಇಟ್ಕಂಡಿದ್ದೋನು, ಮುಟ್ಬೇಡ ಅಂತ ಸುಳ್ಳೇ ಹೆದರ್ಸಿದೋನು ನಾನು ಕಣಮ್ಮ. ಅವತ್ತು ಫೋನು ನನ್ ಮುಂದೇ ಬಡ್ಕಂತಿತ್ತು. ನೋಡ್ಕಂಡೇ ಎತ್ತಲಿಲ್ಲ. ಇವನ್ನ ಕಂಡ್ರೆ ಹೊಟ್ಟೆಕಿಚ್ಚು ನಂಗೆ. ಡಾಕ್ಟ್ರು ಕೇಳ್ದಾಗ ಎಲ್ಲಾನೂ ನಿನ್ ತಲೆಗೆ ಕಟ್ಟಿ ಸುಮ್ಕಿದ್ದೆ. ನೆಂಟ್ರ ಮುಂದೂ ಇದ್ನೇ ಹೇಳ್ತೀನಿ. ತಪ್ಪಾಯ್ತು ಕಣಮ್ಮ. ತಪ್ಪಾಯ್ತು ಕಣೋ ತಿಮ್ಮ."